ದತ್ತಿ ಹಣ ಲ್ಯಾಬ್‌ವರೆಗೆ ಬರುವ ದಾರಿ: ದತ್ತಿ ವಿಭಾಗದಲ್ಲಿ ನನ್ನ ಅನುಭವ

ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸರ್ಕಾರವೇ ದುಡ್ಡು ಕೊಡುತ್ತಲ್ಲ, ಮತ್ತೆ ದತ್ತಿ ಯಾಕೆ? ಇಂಥ ಒಂದು ವಿಶ್ವವಿದ್ಯಾಲಯದ ದತ್ತಿ ವಿಭಾಗದಲ್ಲಿ ಬಹಳ ವರ್ಷದಿಂದ ಕೆಲಸ ಮಾಡುತ್ತಿರುವ ನನ್ನನ್ನು ಜನ ಮೊದಲು ಕೇಳುವುದು ಇದನ್ನೇ. ಕೇಳಬೇಕಾದ ಪ್ರಶ್ನೆಯೇ. ದತ್ತಿ ಅಂದರೆ ದಾನಿಗಳು ಒಂದು ಉದ್ದೇಶಕ್ಕೆ ಅಂತ ಕೊಟ್ಟು, ಕಾಯಂ ಆಗಿ ಉಳಿಸುವ ನಿಧಿ.

ಸರ್ಕಾರದ ಅನುದಾನದಲ್ಲಿ ದೊಡ್ಡ ಪಾಲು ಸಂಬಳ, ಪಿಂಚಣಿ, ಕರೆಂಟ್ ಬಿಲ್ಲಿಗೆ ಹೋಗುತ್ತದೆ. ಸಂಶೋಧನೆಗೆ ಪ್ರಾಜೆಕ್ಟ್ ಹಣ ಬೇರೆ ಬರುತ್ತದೆ, ಆದರೆ ಅದು ಮೂರು ವರ್ಷಕ್ಕೋ ಐದು ವರ್ಷಕ್ಕೋ ಅಷ್ಟೇ, ಅದೂ ಪಟ್ಟಿಯಲ್ಲಿ ಬರೆದ ಬಾಬ್ತಿಗೆ ಮಾತ್ರ. ಯಂತ್ರ ಕೊಳ್ಳಲು ಹಣ ಸಿಗುತ್ತದೆ. ಪ್ರಾಜೆಕ್ಟ್ ಮುಗಿದ ಮೇಲೆ ಅದೇ ಯಂತ್ರದ ವಾರ್ಷಿಕ ನಿರ್ವಹಣೆಗೆ ಸಿಗುವುದಿಲ್ಲ. ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಮಂಜೂರಾಗುವ ನಡುವೆ ಸಂಶೋಧನಾ ವಿದ್ಯಾರ್ಥಿಗೆ ಯಾರು ದುಡ್ಡು ಕೊಡಬೇಕು? ಈಗ ತಾನೇ ಕೆಲಸಕ್ಕೆ ಸೇರಿದ ಅಧ್ಯಾಪಕಿ ಒಂದು ಹೊಸ ವಿಷಯ ಪ್ರಯತ್ನಿಸಿ ನೋಡಬೇಕು ಅಂದರೆ ಅರ್ಜಿಯಲ್ಲಿ ತೋರಿಸಲು ಮೊದಲೇ ಸ್ವಲ್ಪ ಫಲಿತಾಂಶ ಬೇಕು, ಆ ಫಲಿತಾಂಶ ಬರಲು ಹಣ ಬೇಕು, ಹಣ ಬರಲು ಫಲಿತಾಂಶ ಬೇಕು. ಇಂಥ ಸಂದುಗಳಲ್ಲೇ ದತ್ತಿ ಕೆಲಸ ಮಾಡುವುದು. ಮೊತ್ತ ನೋಡಿದರೆ ಒಟ್ಟು ಬಜೆಟ್ಟಿನಲ್ಲಿ ಚಿಕ್ಕದೇ, ಸಾಮಾನ್ಯವಾಗಿ. ಆದರೆ ಬೇರೆ ಯಾವ ಹಣವೂ ಹೋಗದ ಜಾಗಕ್ಕೆ ಅದು ಹೋಗುತ್ತದೆ.

ಲೆಕ್ಕ ಹೇಗೆ ಅಂತ ಸ್ವಲ್ಪ ಹೇಳಿಬಿಡುತ್ತೇನೆ. ದಾನಿ ಕೊಟ್ಟ ಅಸಲನ್ನು ಖರ್ಚು ಮಾಡುವಂತಿಲ್ಲ. ಅದನ್ನು ಹೂಡಿಕೆ ಮಾಡಿ ಬಂದದ್ದರಲ್ಲಿ ಒಂದು ಪಾಲನ್ನು ಮಾತ್ರ ಪ್ರತಿವರ್ಷ ಬಳಸಬೇಕು. ಬಂದದ್ದನ್ನೆಲ್ಲ ಬಳಸಿದರೆ ಏನಾಗುತ್ತೆ? ಬೆಲೆ ಏರಿಕೆ ವರ್ಷಕ್ಕೆ ಶೇ. 6ರಂತೆ ಇದ್ದರೆ ಸುಮಾರು 12 ವರ್ಷದಲ್ಲಿ ಆ ಅಸಲಿನ ಬೆಲೆ ಅರ್ಧಕ್ಕೆ ಇಳಿದಿರುತ್ತದೆ. ಪುಸ್ತಕದಲ್ಲಿ ಮೊತ್ತ ಹಾಗೇ ಕಾಣುತ್ತದೆ, ಕೊಳ್ಳುವ ಶಕ್ತಿ ಮಾತ್ರ ಹೋಗಿರುತ್ತದೆ. ಬಿತ್ತನೆ ಬೀಜ ತಿಂದ ಹಾಗೆ. ಅದಕ್ಕೇ ಬಹಳಷ್ಟು ಕಡೆ ವರ್ಷಕ್ಕೆ ಶೇ. 4ರಿಂದ 5ರಷ್ಟು ಮಾತ್ರ ಖರ್ಚಿಗೆ ಬಿಟ್ಟು, ಮಿಕ್ಕಿದ್ದನ್ನು ಅಸಲಿಗೇ ಸೇರಿಸುತ್ತಾರೆ.

ಅದನ್ನೂ ಆ ಒಂದು ವರ್ಷದ ನಿಧಿಯ ಬೆಲೆ ನೋಡಿ ಲೆಕ್ಕ ಹಾಕುವುದಿಲ್ಲ, ಮೂರು ವರ್ಷದ ಸರಾಸರಿ ತೆಗೆದುಕೊಳ್ಳುವುದು ರೂಢಿ. ನಿಧಿಯ ಬೆಲೆ ಮೂರು ವರ್ಷದಲ್ಲಿ 100, 110, 78 ಆಯಿತು ಅಂದುಕೊಳ್ಳಿ. ಸರಾಸರಿ 96, ಅದರ ಶೇ. 4 ಅಂದರೆ 3.84. ಬರೀ ಕೊನೆಯ ವರ್ಷ ನೋಡಿದ್ದರೆ 3.12 ಸಿಗುತ್ತಿತ್ತು. ಈ ವ್ಯತ್ಯಾಸ ಕಾಗದದ ಮೇಲೆ ಸಣ್ಣದು. ಆದರೆ ಮಾರುಕಟ್ಟೆ ಬಿದ್ದ ವರ್ಷ ಒಬ್ಬ ವಿದ್ಯಾರ್ಥಿಯ ವೇತನ ನಿಲ್ಲುತ್ತದೋ ಮುಂದುವರಿಯುತ್ತದೋ ಅನ್ನುವುದು ಅದರಲ್ಲೇ ಇದೆ. 2008ರ ಕುಸಿತದಲ್ಲಿ ಎಷ್ಟೋ ಹೊಸ ದತ್ತಿಗಳ ಬೆಲೆ ದಾನಿ ಕೊಟ್ಟ ಮೊತ್ತಕ್ಕಿಂತ ಕೆಳಗೆ ಹೋಗಿತ್ತು. ಹಳೆಯ ದತ್ತಿಗಳು ಹೆಂಗೋ ತಡೆದುಕೊಂಡವು, ಯಾಕೆಂದರೆ ಒಳ್ಳೆಯ ವರ್ಷಗಳ ಉಳಿಕೆ ಅವುಗಳಲ್ಲಿ ಕೂತಿತ್ತು.

ಲೆಕ್ಕವನ್ನು ನೋಡಿಕೊಳ್ಳಲು ಹಣಕಾಸು ವಿಭಾಗ ಇದೆ. ನನ್ನ ಕೆಲಸ ದಾನಿಗಳ ಜೊತೆ ಕೂತು ದತ್ತಿ ಪತ್ರ ಬರೆಯುವುದು. ಹಣ ಎಷ್ಟು ಅನ್ನುವುದಕ್ಕಿಂತ ಆ ಪತ್ರದಲ್ಲಿ ‘ಉದ್ದೇಶ’ ಅಂತ ಬರೆಯುವ ಎರಡು ಮೂರು ಸಾಲು ಜಾಸ್ತಿ ಮುಖ್ಯ ಅಂತ ನನ್ನ ಅಭಿಪ್ರಾಯ. ಹಣ ಕಮ್ಮಿ ಇದ್ದರೆ ಆಮೇಲೆ ಸೇರಿಸಬಹುದು. ಉದ್ದೇಶ ತೀರಾ ಬಿಗಿಯಾಗಿ ಬರೆದುಬಿಟ್ಟರೆ, ದಾನಿ ತೀರಿಕೊಂಡ ಮೇಲೆ ಅದನ್ನು ಸಡಿಲಿಸಲು ಕೋರ್ಟಿಗೆ ಹೋಗಬೇಕಾಗಬಹುದು.

ದಾನಿಗಳು ಬರುವಾಗ ಮನಸ್ಸಿನಲ್ಲಿ ಒಂದು ವಾಕ್ಯ ಇಟ್ಟುಕೊಂಡೇ ಬಂದಿರುತ್ತಾರೆ. ‘ಇಂಥ ರೋಗದ ಮೇಲೆ, ಇಂಥ ವಿಧಾನದಲ್ಲಿ ಸಂಶೋಧನೆ ಮಾಡುವವರಿಗೆ.’ ತಂದೆಗೋ ತಾಯಿಗೋ ಆ ರೋಗ ಬಂದಿರುತ್ತದೆ, ಹಾಗಾಗಿ ಆ ಮಾತಿನ ಹಿಂದೆ ನೋವು ಇರುತ್ತದೆ, ತಕ್ಷಣ ಬೇಡ ಅನ್ನಲು ಆಗುವುದಿಲ್ಲ. ನಾನು ಕೇಳುವುದು ಇಷ್ಟು: ಆ ರೋಗಕ್ಕೆ ಮದ್ದು ಸಿಕ್ಕಿಬಿಟ್ಟರೆ ಆಮೇಲೆ ಈ ಹಣ ಏನು ಮಾಡಬೇಕು ಸಾರ್? ಮೊದಲು ಸ್ವಲ್ಪ ಹೊತ್ತು ಸುಮ್ನೆ ಕೂರುತ್ತಾರೆ. ಆಮೇಲೆ ಅವರೇ ಸಡಿಲ ಮಾಡುತ್ತಾರೆ. ಮುಖ್ಯ ಉದ್ದೇಶ ಅವರದ್ದೇ ಇರಲಿ, ಅದು ಸಾಧ್ಯವಾಗದಿದ್ದರೆ ಅದಕ್ಕೆ ಆದಷ್ಟು ಹತ್ತಿರದ ವಿಷಯಕ್ಕೆ ವಿಭಾಗದವರು ಬಳಸಬಹುದು ಅಂತ ಒಂದು ಸಾಲು ಸೇರಿಸುತ್ತೇವೆ. ಈ ಒಂದು ಸಾಲಿಲ್ಲದೆ ನಾನು ಪತ್ರ ಮುಂದಕ್ಕೆ ಕಳಿಸುವುದಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳು ಒಪ್ಪಿಕೊಂಡಿರುವ 2006ರ ಮಾದರಿ ಕಾನೂನಿನಲ್ಲಿ ಇದಕ್ಕೊಂದು ದಾರಿ ಇದೆ. 20 ವರ್ಷ ದಾಟಿದ, 25,000 ಡಾಲರಿಗಿಂತ ಕಡಿಮೆ ಬೆಲೆಯ ದತ್ತಿಯ ಷರತ್ತು ಈಗ ನಡೆಸಲು ಆಗದಂತಿದ್ದರೆ, ಸಂಬಂಧಪಟ್ಟ ಸರ್ಕಾರಿ ಅಧಿಕಾರಿಗೆ ತಿಳಿಸಿ ಕಾದು, ಸಂಸ್ಥೆಯೇ ಬದಲಿಸಬಹುದು, ಕೋರ್ಟು ಬೇಡ. ಎಲ್ಲ ಕಡೆ ಈ ಅನುಕೂಲ ಇಲ್ಲ.

ಷರತ್ತಿನ ವಿಷಯಕ್ಕೆ ನಾನು ದಾನಿಗಳಿಗೆ ಹೇಳುವ ಎರಡು ಕಥೆ ಇವೆ. ಒಂದು ಕೇಂಬ್ರಿಜಿನದು. ಹೆನ್ರಿ ಲೂಕಾಸ್ ಅನ್ನುವವರ ಉಯಿಲಿನಿಂದ 1663ರಲ್ಲಿ ಅಲ್ಲಿ ಗಣಿತದ ಪ್ರಾಧ್ಯಾಪಕ ಹುದ್ದೆ ಹುಟ್ಟಿತು. ವರ್ಷಕ್ಕೆ 100 ಪೌಂಡ್ ಹುಟ್ಟುವಂತೆ ಜಮೀನಿನ ಏರ್ಪಾಡು ಮಾಡಿದ್ದರು. ಆ ಹುದ್ದೆಯಲ್ಲಿರುವವರು ಚರ್ಚಿನ ಕೆಲಸದಲ್ಲಿ ತೊಡಗಿರಬಾರದು ಅಂತ ಒಂದು ಷರತ್ತು ಇತ್ತು. 1669ರಲ್ಲಿ ಆ ಹುದ್ದೆಗೆ ಬಂದ ನ್ಯೂಟನ್, ಆ ಕಾಲದ ನಿಯಮದಂತೆ ಪಾದ್ರಿ ದೀಕ್ಷೆ ತೆಗೆದುಕೊಳ್ಳಬೇಕಾಗಿ ಬಂದಾಗ, ಈ ಷರತ್ತನ್ನೇ ಮುಂದಿಟ್ಟು ವಿನಾಯಿತಿ ಕೇಳಿದರು. ರಾಜ ಎರಡನೇ ಚಾರ್ಲ್ಸ್ ಒಪ್ಪಿದ. ಮುಂದೆ ಅದೇ ಹುದ್ದೆಯಲ್ಲಿ ಭೌತವಿಜ್ಞಾನಿ ಡಿರಾಕ್ ಇದ್ದರು, 1979ರಿಂದ 2009ರವರೆಗೆ ಸ್ಟೀಫನ್ ಹಾಕಿಂಗ್ ಇದ್ದರು. ಯಾವ ಸಂಶೋಧನೆ ಮಾಡಬೇಕು ಅಂತ ಲೂಕಾಸ್ ಬರೆದಿಟ್ಟಿದ್ದರೆ ಇವರೆಲ್ಲ ಅದರೊಳಗೆ ಹಿಡಿಸುತ್ತಿರಲಿಲ್ಲ ಅಲ್ವಾ?

ಇನ್ನೊಂದು ಕಲ್ಕತ್ತಾ ವಿಶ್ವವಿದ್ಯಾಲಯದ್ದು. ತಾರಕನಾಥ ಪಾಲಿತ್ 1912ರಲ್ಲಿ, ರಾಸಬಿಹಾರಿ ಘೋಷ್ 1913ರಲ್ಲಿ, ಇಬ್ಬರೂ ವಕೀಲರು, ವಿಜ್ಞಾನ ಬೋಧನೆಗೆ ದೊಡ್ಡ ದತ್ತಿ ಕೊಟ್ಟರು. ಸರ್ಕಾರ ಬ್ರಿಟಿಷರದ್ದು, ವಿಜ್ಞಾನದ ಸ್ನಾತಕೋತ್ತರ ಪಾಠಕ್ಕೆ ಅದರಿಂದ ಬೇಕಾದಷ್ಟು ಹಣ ಬರುತ್ತಿರಲಿಲ್ಲ. ಈ ದತ್ತಿಯಿಂದ ಎದ್ದ ಸೈನ್ಸ್ ಕಾಲೇಜಿನಲ್ಲೇ ಮೇಘನಾದ ಸಾಹಾ, ಸತ್ಯೇಂದ್ರನಾಥ ಬೋಸ್ ಪಾಠ ಮಾಡಿದ್ದು. ಪಾಲಿತ್ ಭೌತಶಾಸ್ತ್ರ ಹುದ್ದೆಗೆ 1917ರಲ್ಲಿ ಬಂದವರು ಸಿ.ವಿ. ರಾಮನ್, ಸರ್ಕಾರದ ಹಣಕಾಸು ಇಲಾಖೆಯ ಒಳ್ಳೆಯ ಕೆಲಸ ಬಿಟ್ಟು. ಹುದ್ದೆಗೆ ಬರುವವರು ವಿದೇಶದಲ್ಲಿ ತರಬೇತಿ ಪಡೆಯಬೇಕು ಅನ್ನುವ ಷರತ್ತಿತ್ತು. ರಾಮನ್ ಹೋಗುವುದಿಲ್ಲ ಅಂದರು. ಷರತ್ತನ್ನು ಬಿಟ್ಟುಕೊಟ್ಟು ಅವರನ್ನು ತೆಗೆದುಕೊಂಡರು. 1928ರಲ್ಲಿ ರಾಮನ್ ಪರಿಣಾಮ ಕಂಡದ್ದು ಅದೇ ಹುದ್ದೆಯಲ್ಲಿದ್ದಾಗ. ಪ್ರಯೋಗ ನಡೆದ ಲ್ಯಾಬ್ ಮಾತ್ರ ಬೇರೆಯದು, ಮಹೇಂದ್ರಲಾಲ್ ಸರ್ಕಾರ್ ಅನ್ನುವ ವೈದ್ಯರು 1876ರಲ್ಲಿ ಕಟ್ಟಿದ ಸಂಸ್ಥೆ, ಅದೂ ದೇಣಿಗೆಯಿಂದಲೇ. ಸಂಬಳ ಒಬ್ಬ ದಾನಿಯದು, ಪ್ರಯೋಗಕ್ಕೆ ಜಾಗ ಬೇರೆ ದಾನಿಗಳದು. ಷರತ್ತಿಗೇ ಅಂಟಿಕೊಂಡು ಕೂತಿದ್ದರೆ ಅಂತ ಯೋಚಿಸಿ ನೋಡಿ.

ಬೋಧನೆಗೆ ದತ್ತಿ ಹೇಗೆ ಸಹಾಯ ಮಾಡುತ್ತೆ ಅನ್ನುವುದು ಹೊರಗಿನವರಿಗೆ ಬೇಗ ಕಾಣುವುದಿಲ್ಲ. ವಿದ್ಯಾರ್ಥಿವೇತನ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಕುತೂಹಲ ಪೀಠಗಳ ಬಗ್ಗೆ, ಅಂದರೆ ದತ್ತಿಯ ಬೆಂಬಲದಲ್ಲಿ ನಡೆಯುವ ಪ್ರಾಧ್ಯಾಪಕ ಹುದ್ದೆಗಳ ಬಗ್ಗೆ. ಒಬ್ಬ ಪ್ರಾಧ್ಯಾಪಕರ ಸಂಬಳ ದತ್ತಿಯಿಂದ ಬರುವಂತಾದರೆ, ಅವರಿಗೆ ಸರ್ಕಾರದಿಂದ ಬರುತ್ತಿದ್ದ ಸಂಬಳದ ಜಾಗ ಖಾಲಿಯಾಗುತ್ತದೆ. ಆ ಜಾಗಕ್ಕೆ ಇನ್ನೊಬ್ಬ ಕಿರಿಯ ಅಧ್ಯಾಪಕರನ್ನು ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಮಾತ್ರ! ಎಷ್ಟೋ ಕಡೆ ಆ ಜಾಗ ಸದ್ದಿಲ್ಲದೆ ಮಾಯವಾಗುತ್ತದೆ, ‘ದತ್ತಿ ಇದೆಯಲ್ಲ’ ಅನ್ನುವ ಕಾರಣಕ್ಕೆ. ಹಾಗೆ ಆದರೆ ದಾನಿ ವಿಭಾಗಕ್ಕೆ ಏನನ್ನೂ ಕೊಟ್ಟಂತಾಗಲಿಲ್ಲ, ಸರ್ಕಾರದ ಖರ್ಚು ಉಳಿಸಿದಂತಾಯಿತು ಅಷ್ಟೇ. ಅದಕ್ಕೇ ಪೀಠದ ಪತ್ರಗಳಲ್ಲಿ ‘ಈಗಿರುವ ಹುದ್ದೆಗಳ ಜೊತೆಗೆ ಹೆಚ್ಚುವರಿಯಾಗಿ’ ಅನ್ನುವ ಮಾತು ಇರಲೇಬೇಕು ಅಂತ ನಾನು ಹಠ ಹಿಡಿಯುತ್ತೇನೆ. ಮೇಲಿನವರಿಗೆ ಕಿರಿಕಿರಿ ಆಗುತ್ತದೆ. ಆಗಲಿ.

ಪೂರ್ತಿ ಸಂಬಳದ ಪೀಠ ಕಟ್ಟಲು ಬೇಕಾಗುವ ಅಸಲು ಕೇಳಿದರೆ ದಾನಿಗಳು ಬೆಚ್ಚುತ್ತಾರೆ. ಶೇ. 4ರ ಲೆಕ್ಕದಲ್ಲಿ ವರ್ಷದ ಸಂಬಳದ 25 ಪಟ್ಟು ಬೇಕು. ಅಷ್ಟು ಆಗದಿದ್ದರೆ ಸಂಬಳ ಸರ್ಕಾರದ್ದೇ ಇರಲಿ, ದತ್ತಿಯಿಂದ ಆ ಪ್ರಾಧ್ಯಾಪಕರಿಗೆ ಪ್ರತಿವರ್ಷ ಸಂಶೋಧನಾ ಖರ್ಚು ಸಿಗಲಿ ಅನ್ನುತ್ತೇನೆ. ಒಬ್ಬ ಸಹಾಯಕ ಸಂಶೋಧಕ, ಫೀಲ್ಡಿಗೆ ಹೋಗಿ ಬರುವ ಖರ್ಚು, ಒಂದಿಷ್ಟು ರಾಸಾಯನಿಕ. ಇದನ್ನು ಪಡೆದವರ ಜೊತೆ ಮಾತಾಡಿದಾಗ ನನಗೆ ಕಂಡದ್ದು, ಅವರು ಹಣದ ಗಾತ್ರಕ್ಕಿಂತ ಅದು ಮುಂದಿನ ವರ್ಷವೂ ಬರುತ್ತದೆ ಅನ್ನುವುದನ್ನು ದೊಡ್ಡದಾಗಿ ಹೇಳುತ್ತಾರೆ. ಹತ್ತು ವರ್ಷ ಒಂದೇ ಕೆರೆಯ ನೀರು ಅಳೆಯುವ ಕೆಲಸ ಇದೆ ಅಂದುಕೊಳ್ಳಿ, ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಅದು ನಡೆಯುವುದಿಲ್ಲ.

ಪದಕಗಳ ಬಗ್ಗೆ ಒಂದು ಮಾತು. ಹಳೆಯ ದತ್ತಿಗಳಲ್ಲಿ ಚಿನ್ನದ ಪದಕದ್ದೇ ರಾಶಿ. ಅವತ್ತಿನ ಬಡ್ಡಿಗೆ ಚಿನ್ನ ಬರುತ್ತಿತ್ತು, ಇವತ್ತಿನ ಬಡ್ಡಿಗೆ ಚಿನ್ನದ ನೀರು ಹಾಕಿಸಿದ ಪದಕವೂ ಕಷ್ಟ. ಹೊಸದಾಗಿ ಪದಕಕ್ಕೆ ಅಂತ ಬಂದವರಿಗೆ ಸಾಧ್ಯವಾದಷ್ಟು ನಯವಾಗಿ, ಅದೇ ಹಣದಲ್ಲಿ ಲ್ಯಾಬ್ ಪುಸ್ತಕ, ಪರೀಕ್ಷಾ ಶುಲ್ಕ, ಇಂಟರ್ನ್‌ಶಿಪ್ ಸಮಯದ ಖರ್ಚು ಇಂಥದಕ್ಕೆ ಕೊಡಬಹುದಲ್ಲ ಅನ್ನುತ್ತೇನೆ. ಮೊದಲ ರ‍್ಯಾಂಕ್ ಬಂದವರಿಗೆ ಹೇಗಿದ್ದರೂ ಯಾರಾದರೂ ಏನಾದರೂ ಕೊಡುತ್ತಾರೆ. ಎರಡನೇ ವರ್ಷದಲ್ಲಿ ಶುಲ್ಕ ಕಟ್ಟಲಾಗದೆ ಓದು ಬಿಡುವ ಹುಡುಗಿಗೆ ಯಾರೂ ಕೊಡುವುದಿಲ್ಲ.

ಎಲ್ಲ ದತ್ತಿಯೂ ಶ್ರೀಮಂತರ ಜೇಬಿನಿಂದ ಬಂದದ್ದಲ್ಲ. ಟೆಕ್ಸಾಸ್ ರಾಜ್ಯ 1876ರ ಸಂವಿಧಾನದಲ್ಲಿ ತನ್ನ ವಿಶ್ವವಿದ್ಯಾಲಯಕ್ಕೆ ಅಂತ 10 ಲಕ್ಷ ಎಕರೆ ಜಮೀನು ತೆಗೆದಿಟ್ಟಿತು, 1883ರಲ್ಲಿ ಇನ್ನೂ ಅಷ್ಟು ಸೇರಿಸಿತು. ಪಶ್ಚಿಮದ ಒಣ ಜಮೀನು, ದನ ಮೇಯಿಸಲು ಬಾಡಿಗೆಗೆ ಕೊಟ್ಟರೆ ಏನೋ ಸ್ವಲ್ಪ ಬರುತ್ತಿತ್ತು. 1923ರಲ್ಲಿ ಅಲ್ಲಿ ಎಣ್ಣೆ ಸಿಕ್ಕಿತು. ಆ ನಿಧಿ ಈಗ ಜಗತ್ತಿನ ಅತಿ ದೊಡ್ಡ ವಿಶ್ವವಿದ್ಯಾಲಯ ನಿಧಿಗಳಲ್ಲಿ ಒಂದು. ಅದೃಷ್ಟ ಅನ್ನಿ, ಆದರೆ ಅಷ್ಟು ವರ್ಷ ಜಮೀನನ್ನು ಮಾರದೆ ಇಟ್ಟುಕೊಂಡದ್ದು ಅದೃಷ್ಟ ಅಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು ಇನ್ನೊಂದು ಬಗೆ. ಬೆಳಕಿನ ಕಿರಣ ಹಾಯಿಸಿ ಆಹಾರದಲ್ಲಿ ವಿಟಮಿನ್ ಡಿ ಹೆಚ್ಚಿಸುವ ವಿಧಾನ ಕಂಡುಹಿಡಿದ ಹ್ಯಾರಿ ಸ್ಟೀನ್‌ಬಾಕ್, ಆ ಪೇಟೆಂಟಿನ ಆದಾಯ ವಿಶ್ವವಿದ್ಯಾಲಯದ ಸಂಶೋಧನೆಗೇ ಬರಲಿ ಅಂತ ಬಯಸಿದರು. 1925ರಲ್ಲಿ ಅದಕ್ಕಾಗಿ ವಿಸ್ಕಾನ್ಸಿನ್ ಅಲಮ್ನೈ ರಿಸರ್ಚ್ ಫೌಂಡೇಶನ್ (WARF) ಅನ್ನುವ ಪ್ರತಿಷ್ಠಾನ ಆಯಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಔಷಧಿ ಇದೆಯಲ್ಲ, ಆ ಹೆಸರಿನ ಮೊದಲ ಭಾಗ ಈ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳಿಂದಲೇ ಬಂದದ್ದು. ಪ್ರತಿಷ್ಠಾನದ ಹಣದಿಂದ ನಡೆದ ಸಂಶೋಧನೆಯಲ್ಲೇ ಅದು ಸಿಕ್ಕಿತು.

ಹಣ ಬಂದ ಮೇಲೆ ವರದಿ. ಇದು ಬೇಜಾರಿನ ಕೆಲಸ ಅಂತ ಎಲ್ಲರೂ ತಳ್ಳುತ್ತಾರೆ. ನಾನು ವಿಭಾಗಗಳಿಂದ ವರ್ಷಕ್ಕೊಂದು ಪುಟ ಕೇಳುತ್ತೇನೆ: ಎಷ್ಟು ಸಿಕ್ಕಿತು, ಯಾವುದಕ್ಕೆ ಹೋಯಿತು, ಎಷ್ಟು ಖರ್ಚಾಗದೆ ಉಳಿಯಿತು. ಕೊನೆಯದೇ ನನಗೆ ಮುಖ್ಯ. ಖರ್ಚಾಗದೆ ಉಳಿದ ಬಡ್ಡಿ ವರ್ಷ ವರ್ಷ ಬೆಳೆಯುತ್ತಿದೆ ಅಂದರೆ ಷರತ್ತು ತೀರಾ ಬಿಗಿ ಇದೆ, ಇಲ್ಲವೇ ವಿಭಾಗದವರಿಗೆ ಇಂಥ ದತ್ತಿ ಇದೆ ಅನ್ನುವುದೇ ಮರೆತುಹೋಗಿದೆ. ಎರಡನೆಯದು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಹೊಸ ವಿಭಾಗಾಧ್ಯಕ್ಷರು ಬಂದಾಗೆಲ್ಲ ಅವರ ಕೈಗೆ ದತ್ತಿಗಳ ಪಟ್ಟಿ ಕೊಟ್ಟು, ಸಹಿ ಹಾಕಿಸಿಕೊಳ್ಳುವುದು ಈಗ ನಮ್ಮಲ್ಲಿ ಪದ್ಧತಿ.

ಸಣ್ಣ ಮೊತ್ತ ಇಟ್ಟುಕೊಂಡು ಬರುವ ಹಳೆಯ ವಿದ್ಯಾರ್ಥಿಗಳಿಗೆ ಹೊಸ ದತ್ತಿ ಬೇಡ ಅಂತಲೇ ಹೇಳುತ್ತೇನೆ. ಪ್ರತಿ ದತ್ತಿಗೂ ಪ್ರತ್ಯೇಕ ಪತ್ರ, ಲೆಕ್ಕ, ಆಯ್ಕೆ ಸಮಿತಿ ಬೇಕು, ಆ ಓಡಾಟದಲ್ಲೇ ಸಣ್ಣ ದತ್ತಿಯ ಫಲ ಕರಗುತ್ತದೆ. ಅದರ ಬದಲು ನಿಮ್ಮ ವಿಭಾಗದ ಸಾಮಾನ್ಯ ದತ್ತಿಗೆ ಸೇರಿಸಿ. ಎಲ್ಲ ದತ್ತಿಗಳನ್ನೂ ಒಟ್ಟಿಗೇ ಹೂಡಿಕೆ ಮಾಡಿ, ಮ್ಯೂಚುವಲ್ ಫಂಡಿನಂತೆ ಯೂನಿಟ್ ಲೆಕ್ಕದಲ್ಲಿ ಪಾಲು ಹಂಚುವ ಕಡೆ ನಿಮ್ಮ ಚಿಕ್ಕ ಮೊತ್ತಕ್ಕೂ ದೊಡ್ಡ ದಾನಿಗೆ ಸಿಕ್ಕಷ್ಟೇ ದರದ ಫಲ ಸಿಗುತ್ತದೆ. ಹೆಸರು ಬೇಕೇ ಬೇಕು ಅನ್ನುವವರು ಐದು ವರ್ಷದ ಕಂತಿನಲ್ಲಿ ಅಸಲು ತುಂಬಬಹುದು. ಆದರೆ ಮೊದಲ ವರ್ಷವೇ ವಿದ್ಯಾರ್ಥಿವೇತನ ಶುರು ಮಾಡಿ ಅಂತ ಕೇಳಬೇಡಿ. ಅದು ಬೇಕಿದ್ದರೆ ಆ ವರ್ಷದ ವೇತನದಷ್ಟು ಹಣವನ್ನು ಬೇರೆಯಾಗಿ, ನೇರವಾಗಿ ಖರ್ಚು ಮಾಡಲು ಅಂತ ಬರೆದು ಕೊಡಿ, ಅಸಲಿನ ಚೆಕ್ಕಿನ ಜೊತೆ ಸೇರಿಸಬೇಡಿ.