ನಾಲ್ಕು ಮಂದಿಗೆ ಹೇಳಿ ಸಿಗರೇಟು ಬಿಡಿ

ಸಿಗರೇಟು ಬಿಡಬೇಕೆಂದು ಮನಸ್ಸು ಮಾಡಿದವರಲ್ಲಿ ಹೆಚ್ಚಿನವರು ಅದನ್ನು ಯಾರ ಮುಂದೆಯೂ ಬಾಯಿಬಿಡುವುದಿಲ್ಲ. ಮೊದಲು ಬಿಟ್ಟು ತೋರಿಸೋಣ, ಆಮೇಲೆ ಹೇಳಿದರಾಯಿತು ಎಂಬ ಲೆಕ್ಕ. ನಡುವೆ ಸೋತರೆ ಮಂದಿ ಆಡಿಕೊಳ್ಳುತ್ತಾರೆ ಎಂಬ ಅಳುಕು. ಹೀಗೆ ಗುಟ್ಟಾಗಿ ಬಿಟ್ಟವರು ಗುಟ್ಟಾಗಿಯೇ ಮತ್ತೆ ಶುರು ಮಾಡುತ್ತಾರೆ. ಔಷಧಿ, ಆಪ್ತಸಲಹೆ ಯಾವುದೂ ಇಲ್ಲದೆ ಬರೀ ಹಟದಿಂದ ಬಿಡಲು ಹೊರಟ 100 ಮಂದಿಯಲ್ಲಿ ಒಂದು ವರ್ಷದವರೆಗೆ ಸೇದದೆ ಉಳಿಯುವವರು 3ರಿಂದ 5 ಮಂದಿ. ಉಳಿದವರೆಲ್ಲ ಮನಸ್ಸು ಗಟ್ಟಿಯಿಲ್ಲದವರು ಎಂದುಕೊಳ್ಳಬೇಡಿ. ಎಳೆದ ಹೊಗೆಯ ನಿಕೋಟಿನ್ 10-20 ಸೆಕೆಂಡಿನೊಳಗೆ ಮೆದುಳು ಮುಟ್ಟುತ್ತದೆ, ಸುಮಾರು ಎರಡು ತಾಸಿನಲ್ಲಿ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ, ಆಗ ಮತ್ತೆ ತಲಬು, ಅಂದರೆ ಸೇದಲೇಬೇಕೆಂಬ ಸೆಳೆತ, ಏಳುತ್ತದೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ನಡೆದ ಈ ಸುತ್ತನ್ನು ಒಬ್ಬರೇ ಮುರಿಯುವುದು ಕಷ್ಟ.

ಅದೂ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸೇದುವುದೇ ನಾಲ್ಕು ಮಂದಿಯ ನಡುವೆ. ಅರ್ಧ ಚಾ ಹೇಳಿದ ಕೂಡಲೇ ದೋಸ್ತನೊಬ್ಬ ಕೇಳದೆಯೇ ಒಂದನ್ನು ಮುಂದೆ ಚಾಚುತ್ತಾನೆ. ಪಾನ್‌ಶಾಪ್ ಕಂಬಕ್ಕೆ ದಾರ ಕಟ್ಟಿ ತೂಗುಬಿಟ್ಟ ಲೈಟರ್ ಕೈಗೆ ಸಿಗುವಂತೆಯೇ ಇರುತ್ತದೆ. ಸೇದುವುದಕ್ಕೆ ಇಷ್ಟು ಮಂದಿಯ ಒತ್ತಾಸೆ ಇರುವಾಗ ಬಿಡುವುದಕ್ಕೂ ಒಂದಿಷ್ಟು ಮಂದಿ ಬೇಕು. ಅವರನ್ನು ಕೂಡಿಸಿಕೊಳ್ಳುವುದು ಹೇಗೆ, ಅವರಿಗೆ ಏನು ಕೆಲಸ ಹಚ್ಚಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಮೂರ್ನಾಲ್ಕು ದಿನ ಬರೆದಿಡಿ

ಇನ್ನೂ ಏನೂ ಬಿಡಬೇಡಿ. ಎಂದಿನಂತೆಯೇ ಸೇದಿ, ಆದರೆ ಪ್ರತಿ ಸಲವೂ ಮೊಬೈಲಿನಲ್ಲೋ ಚೀಟಿಯಲ್ಲೋ ಹೊತ್ತು, ಜಾಗ, ಜೊತೆಗಿದ್ದವರ ಹೆಸರು ಬರೆಯಿರಿ. 'ಮುಂಜಾನೆ 6.30, ಸಂಡಾಸಕ್ಕೆ ಹೋಗುವ ಮುಂಚೆ, ಒಬ್ಬನೇ.' '10.15, ಶಟರ್ ಎತ್ತಿದ ಮೇಲೆ ಚಾದ ಜೊತೆ, ಬಾಜೂ ಅಂಗಡಿಯವನು.' 'ರಾತ್ರಿ 9, ಊಟ ಮುಗಿಸಿ ಓಣಿ ಮೂಲೆಯಲ್ಲಿ, ಅಳಿಯ.' ಇಷ್ಟು ಸಾಕು.

ಈ ಚೀಟಿಯಿಂದ ಎರಡು ಸಂಗತಿ ಗೊತ್ತಾಗುತ್ತವೆ. ಎದ್ದ ಅರ್ಧ ತಾಸಿನೊಳಗೆ ಮೊದಲ ಸಿಗರೇಟು ಬೇಕಾಗುತ್ತದೆ ಎಂದರೆ ದೇಹ ನಿಕೋಟಿನ್‌ಗೆ ಬಲವಾಗಿ ಒಗ್ಗಿದೆ. ಅಂಥವರಿಗೆ ಔಷಧಿಯ ಆಸರೆ ಬೇಕೇ ಬೇಕು. ಎರಡನೆಯದು, ಮತ್ತೆ ಮತ್ತೆ ಬರುವ ಎರಡು-ಮೂರು ಹೆಸರು. ನೀವು ಮೊದಲು ಮಾತಾಡಬೇಕಾದದ್ದು ಆ ಮಂದಿಯ ಜೊತೆ.

ಹೇಳುವುದು ಯಾರಿಗೆ, ಹೇಗೆ

ಇಲ್ಲೊಂದು ನಿಜವಾದ ತೊಡಕಿದೆ. ನಮ್ಮಲ್ಲಿ ಅಪ್ಪನ ಮುಂದೆ, ಕಾಕಾನ ಮುಂದೆ ಸೇದುವುದಿಲ್ಲ. ಮೂವತ್ತು ದಾಟಿದ, ಎರಡು ಮಕ್ಕಳ ತಂದೆಯಾದವನೂ ಹಿರಿಯರು ಬಂದರೆ ಸಿಗರೇಟನ್ನು ಬೆನ್ನ ಹಿಂದೆ ಮರೆಮಾಡುತ್ತಾನೆ. ಸೇದುತ್ತೇನೆ ಎಂದೇ ಒಪ್ಪಿಕೊಳ್ಳದವನು ಬಿಡುತ್ತೇನೆ ಎಂದು ಹೇಳುವುದು ಹೇಗೆ? ಹೆಣ್ಣುಮಕ್ಕಳು ಸೇದುತ್ತಿದ್ದರಂತೂ ಈ ಗುಟ್ಟಿನ ಭಾರ ಇನ್ನೂ ಹೆಚ್ಚು. ಎಲ್ಲರಿಗೂ ಸಾರಬೇಕಾಗಿಲ್ಲ. ಮನೆಯೊಳಗೆ ಒಬ್ಬರು ಸಾಕು: ಹೆಂಡತಿ, ಗಂಡ, ಅಕ್ಕ, ಅತ್ತಿಗೆ, ಬುದ್ಧಿ ಬಂದ ಮಗಳು, ಯಾರಾದರೂ. ಅಂಗಿಯ ವಾಸನೆಯಿಂದ ಅವರಿಗೆ ಎಂದೋ ಗೊತ್ತಾಗಿರುತ್ತದೆ. ನೀವು ಹೇಳಿದರೆ ಅವರಿಗೂ ಹಗುರ. ಮನೆಯಲ್ಲಿ ಬಾಯಿಬಿಡುವುದು ಆಗುವುದೇ ಇಲ್ಲ ಎನ್ನುವವರು ಕೆಳಗೆ ಹೇಳಿರುವ ಸಹಾಯವಾಣಿಯಿಂದಲೇ ಶುರು ಮಾಡಬಹುದು.

ಹೇಳುವಾಗ 'ನನಗ ಸಪೋರ್ಟ್ ಮಾಡ್ರಿ' ಎಂದಷ್ಟೇ ಹೇಳಿದರೆ ಯಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಕೊಡಿ. ಹೆಂಡತಿಗೆ: 'ಬರೋ ಬುಧವಾರದಿಂದ ಸಿಗರೇಟ್ ಬಿಡಾಕತ್ತೀನಿ. ಒಂದೆರಡ ವಾರ ಸಿಟ್ಟ ಜಾಸ್ತಿ ಬರಬಹುದು, ಮನಸಿಗೆ ಹಚ್ಕೋಬ್ಯಾಡ. ರಾತ್ರಿ ಊಟ ಆದಮ್ಯಾಲ ನನ್ನ ಜೋಡಿ ಒಂದ್ ಸುತ್ತ ಅಡ್ಡ್ಯಾಡಾಕ ಬಾ.' ಊಟದ ನಂತರದ ಸಿಗರೇಟಿನ ಜಾಗಕ್ಕೆ ಉಣಕಲ್ ಕೆರೆಯ ದಂಡೆಯೋ, ಕೆಲಗೇರಿಯೋ, ಬರೀ ಓಣಿಯ ಕೊನೆಯ ತನಕದ ನಡಿಗೆಯೋ ಬಂದರೆ ಅರ್ಧ ಕೆಲಸ ಆಯಿತು. ಜೊತೆಗೆ ಸೇದುವ ದೋಸ್ತನಿಗೆ: 'ನೀ ಸೇದ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ನನಗ ಚಾಚಬ್ಯಾಡ. ನಾ ಬೇಡಿದ್ರೂ ಕೊಡಬ್ಯಾಡ.' ಬೇಡಿದರೂ ಕೊಡಬೇಡ ಎಂಬ ಮಾತನ್ನು ಬಿಡದೆ ಹೇಳಿ. ತಲಬು ಎದ್ದಾಗ ನೀವು ಬೇಡಿಯೇ ಬೇಡುತ್ತೀರಿ.

ಇನ್ನೊಬ್ಬರನ್ನು ಜನ ಮರೆಯುತ್ತಾರೆ: ಪಾನ್‌ಶಾಪಿನವರು. ಅಲ್ಲಿ ಉದ್ರಿ ಖಾತೆ ಇದ್ದರೆ ಪೂರ್ತಿ ತೀರಿಸಿ, ಹೆಸರಿನ ಮೇಲೆ ಗೀಟು ಎಳೆಸಿ. 'ಅಣ್ಣಾ, ಇನ್ನ ಮ್ಯಾಲ ಉದ್ರಿ ಬರೀಬ್ಯಾಡ್ರಿ' ಎನ್ನಿ. ನಮ್ಮಲ್ಲಿ ಹೆಚ್ಚಿನವರು ಬಿಡಿಯಾಗಿ ಒಂದೊಂದೇ ಕೊಳ್ಳುವುದು. ಕಿಸೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಇಲ್ಲದ ಹೊತ್ತಿನಲ್ಲೂ ಸೇದುವಂತೆ ಮಾಡುವುದು ಆ ಖಾತೆ. ಅದು ಮುಚ್ಚಿದರೆ ಪ್ರತಿ ಸಲ ಕಿಸೆಗೆ ಕೈಹಾಕುವ ಮುಂಚೆ ಯೋಚಿಸಲು ಒಂದು ಗಳಿಗೆ ಸಿಗುತ್ತದೆ.

ಗೆಳೆಯನೊಬ್ಬನೂ ಬಿಡಲು ತಯಾರಿದ್ದರೆ ಜೋಡಿಯಾಗಿ ಬಿಡಿ. ರೈಲ್ವೆ ವರ್ಕ್‌ಶಾಪ್, ಅಮರಗೋಳದ ಎಪಿಎಂಸಿ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಂಥ ಕಡೆ ಒಂದೇ ಪಾಳಿಯಲ್ಲಿ, ಒಂದೇ ಚಾದಂಗಡಿಯಲ್ಲಿ ಸೇದುವವರು ಕೂಡಿಯೇ ಬಿಟ್ಟರೆ ಚಾದ ಹೊತ್ತಿನ ಸೆಳೆತ ಎಷ್ಟೋ ಕಮ್ಮಿಯಾಗುತ್ತದೆ. ಒಂದೇ ಎಚ್ಚರ: ಅವನು ಸೋತರೆ ನೀವೂ ಸೋಲಬೇಕಾಗಿಲ್ಲ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಿ.

ದಿನ ಗೊತ್ತುಮಾಡಿ, ಆಣೆ ಹಾಕಿಸಬೇಡಿ

ಎರಡು ವಾರದೊಳಗಿನ ಒಂದು ದಿನ ಆರಿಸಿ. ಶ್ರಾವಣದಲ್ಲಿ ಬಿಡುವವರು, ರಂಜಾನಿನಲ್ಲಿ ಹಗಲಿಡೀ ಮುಟ್ಟದವರು ನಮ್ಮಲ್ಲಿ ಬೇಕಾದಷ್ಟು. ತಿಂಗಳಿಡೀ ಸೇದದೆ ಇರಬಲ್ಲೆ ಎಂಬುದು ಅವರಿಗೆ ಗೊತ್ತಾಗಿಯೇ ಇರುತ್ತದೆ. ಶ್ರಾವಣ ಮುಗಿದ ಮರುದಿನಕ್ಕೆ ಯೋಜನೆ ಇಲ್ಲದಿರುವುದೇ ಅವರ ಕಷ್ಟ. ಆ ದಿನಗಳನ್ನು ಆರಂಭವಾಗಿ ಇಟ್ಟುಕೊಳ್ಳಿ. ಮುಗಿದ ಮರುದಿನ ಮುಂಜಾನೆ ಯಾರ ಜೊತೆ ಇರುತ್ತೀರಿ, ಎಲ್ಲಿ ಚಾ ಕುಡಿಯುತ್ತೀರಿ ಎಂದು ಮೊದಲೇ ಬರೆದಿಡಿ.

ಮನೆಯವರಿಗೆ ಒಂದು ಕಳಕಳಿಯ ಮಾತು. ಮಗುವಿನ ತಲೆ ಮುಟ್ಟಿಸಿ ಆಣೆ ಮಾಡಿಸಬೇಡಿ. ಸಿದ್ಧಾರೂಢ ಮಠಕ್ಕೆ ಹೋಗಿ ಅಜ್ಜನ ಮುಂದೆ ತಾವಾಗಿ ಕೈಮುಗಿದು ಬರುವುದು ಬೇರೆ, ಅದರಿಂದ ಧೈರ್ಯ ಬರುವುದಾದರೆ ಒಳ್ಳೆಯದೇ. ಆದರೆ ಮಗುವಿನ ಮೇಲಿನ ಆಣೆ ಒಂದು ಸಲ ಮುರಿದರೆ ಆ ಮನುಷ್ಯ ಹೆದರಿ ಮುಚ್ಚಿಡುತ್ತಾನೆ. ಮುಚ್ಚಿಟ್ಟವನಿಗೆ ಸಹಾಯ ಮಾಡಲು ಯಾರಿಂದಲೂ ಆಗುವುದಿಲ್ಲ.

ಸಲಹೆಗಾರರು, ವೈದ್ಯರು, ಔಷಧಿ

ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿಯ ಸಂಖ್ಯೆ 1800-11-2356. ಕರೆಗೆ ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಲ್ಲಿ ಕನ್ನಡದಲ್ಲೇ ಮಾತಾಡುವ ಸಲಹೆಗಾರರಿದ್ದಾರೆ. ಮುಂಜಾನೆ 8ರಿಂದ ರಾತ್ರಿ 8ರವರೆಗೆ, ಸೋಮವಾರ ರಜೆ. ಬಿಡುವ ದಿನವನ್ನು ಅವರ ಜೊತೆಯೇ ಗೊತ್ತುಮಾಡಿಕೊಳ್ಳಬಹುದು. ಮುಂದೆ ಅವರೇ ತಿರುಗಿ ಫೋನ್ ಮಾಡಿ ವಿಚಾರಿಸುತ್ತಾರೆ. ಈ ಸಂಖ್ಯೆಯನ್ನು 2018ರಿಂದ ಪ್ರತಿ ಪ್ಯಾಕಿನ ಮೇಲೆ ಅಚ್ಚು ಹಾಕಲಾಗುತ್ತಿದೆ. ಆದರೆ ಬಿಡಿ ಸಿಗರೇಟು ಕೊಳ್ಳುವವರು ಪ್ಯಾಕನ್ನು ನೋಡುವುದೇ ಇಲ್ಲ. ಅದಕ್ಕೇ ಈ ಸಂಖ್ಯೆಯನ್ನು ಈಗಲೇ ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಆಸ್ಪತ್ರೆಗೆ ಹೋಗುವುದಾದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಗದಗ-ಹಾವೇರಿಯವರಿಗೆ ತಮ್ಮ ಜಿಲ್ಲೆಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಅಥವಾ ಜಿಲ್ಲಾಸ್ಪತ್ರೆ ಹತ್ತಿರ. ಚೀಟಿ ಮಾಡಿಸುವಾಗ 'ತಂಬಾಕು ಬಿಡಬೇಕಾಗೇತ್ರಿ, ಯಾವ ಕೋಣಿಗೆ ಹೋಗಬೇಕ್ರಿ' ಎಂದು ನೇರ ಕೇಳಿ. ಜೊತೆಗೊಬ್ಬರು ಬಂದರೆ ಒಳ್ಳೆಯದು. ವೈದ್ಯರು ಹೇಳಿದ್ದನ್ನು ಇಬ್ಬರು ಕೇಳಿಸಿಕೊಂಡಂತಾಗುತ್ತದೆ.

ತಲಬು ತಗ್ಗಿಸಲು ಬಾಯಲ್ಲಿಟ್ಟುಕೊಳ್ಳುವ ನಿಕೋಟಿನ್ ಗಮ್ 2 ಮಿಲಿಗ್ರಾಂನದು ಚೀಟಿ ಇಲ್ಲದೆಯೇ ಔಷಧ ಅಂಗಡಿಯಲ್ಲಿ ಸಿಗುತ್ತದೆ. 4 ಮಿಲಿಗ್ರಾಂನದಕ್ಕೆ ವೈದ್ಯರ ಚೀಟಿ ಬೇಕು. ಇದನ್ನು ಮಾಮೂಲಿ ಚೂಯಿಂಗ್ ಗಮ್‌ನಂತೆ ಜಗಿದು 'ಇದು ಕೆಲಸ ಮಾಡಲಿಲ್ಲ' ಎಂದು ಬಿಟ್ಟವರೇ ಬಹಳ. ಸರಿಯಾದ ರೀತಿ ಹೀಗೆ: ನಿಧಾನ ಜಗಿಯಿರಿ, ನಾಲಿಗೆಗೆ ಖಾರದಂತೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಟ್ಟುಕೊಳ್ಳಿ. ಚುರುಗುಟ್ಟುವುದು ಹೋದ ಮೇಲೆ ಮತ್ತೆ ಜಗಿದು, ಮತ್ತೆ ಇನ್ನೊಂದು ಕಡೆ ಒತ್ತಿಡಿ. ಅರ್ಧ ತಾಸು ಹೀಗೆ. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಒಳಪದರದಿಂದ. ನುಂಗಿದರೆ ಬಿಕ್ಕಳಿಕೆ, ಎದೆಯುರಿ ಮಾತ್ರ ಗತಿ. ಗಮ್ ಹಾಕಿಕೊಳ್ಳುವ 15 ನಿಮಿಷ ಮುಂಚೆ ಮತ್ತು ಬಾಯಲ್ಲಿರುವಷ್ಟು ಹೊತ್ತು ಕಾಫಿ, ಸೋಡಾ, ಲಿಂಬು ಶರಬತ್ತು ಬೇಡ. ಮೊದಲ ಆರು ವಾರ ಒಂದೆರಡು ತಾಸಿಗೊಂದು, ಆಮೇಲೆ ಅಂತರ ಹೆಚ್ಚಿಸುತ್ತ 12 ವಾರಕ್ಕೆ ನಿಲ್ಲಿಸುವುದು ವಾಡಿಕೆ. ತಲಬು ತಗ್ಗಿಸುವ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನು ವೈದ್ಯರೇ ಬರೆದುಕೊಡಬೇಕು. ಮೂರ್ಛೆರೋಗ ಇದ್ದವರಿಗೆ ಬುಪ್ರೊಪಿಯಾನ್ ಕೂಡದು. ಬಸುರಿಯರು, ಇತ್ತೀಚೆಗೆ ಹೃದಯಾಘಾತ ಆದವರು ಗಮ್ ಅನ್ನೂ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಇನ್ಸುಲಿನ್ ಚುಚ್ಚಿಕೊಳ್ಳುವವರು ಬಿಟ್ಟ ಮೊದಲ ವಾರಗಳಲ್ಲಿ ಸಕ್ಕರೆ ಮಟ್ಟವನ್ನು ಹೆಚ್ಚು ಸಲ ನೋಡಿಕೊಳ್ಳಬೇಕು.

ಮೊದಲ ಮೂರು ದಿನ, ಮೊದಲ ಮೂರು ವಾರ

ಎರಡನೆಯ, ಮೂರನೆಯ ದಿನ ಬಲು ಬಿರುಸು. ಸಿಟ್ಟು, ಚಡಪಡಿಕೆ, ನಿದ್ದೆ ಕೆಡುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಹಸಿವು. ಇವೆಲ್ಲ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಒಂದೊಂದು ಸಲದ ತಲಬು ಕೆಲವೇ ನಿಮಿಷದ್ದು. ಆ ಹೊತ್ತಿನಲ್ಲಿ ಫೋನ್ ಮಾಡಲು ಒಬ್ಬರು ಇರಬೇಕು. ಅವರು ಉಪದೇಶ ಮಾಡಬೇಕಾಗಿಲ್ಲ. ಮಳೆ ಬಂತಾ, ಊಟಕ್ಕೆ ಏನಿತ್ತು ಎಂದು ಐದು ನಿಮಿಷ ಹರಟಿದರೆ ಸಾಕು, ಅಷ್ಟರಲ್ಲಿ ಅದು ತಗ್ಗಿರುತ್ತದೆ.

ಚಾ-ಕಾಫಿಯ ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ಹೊಗೆಯಲ್ಲಿನ ಕೆಲವು ರಾಸಾಯನಿಕಗಳು ಯಕೃತ್ತು ಕೆಫೀನನ್ನು ಬೇಗ ಹೊರಹಾಕುವಂತೆ ಮಾಡುತ್ತವೆ. ಸೇದುವುದು ನಿಂತ ಮೇಲೆ ಅದೇ ಆರು ಕಪ್ ಚಾ ಕುಡಿದರೂ ರಕ್ತದಲ್ಲಿ ಕೆಫೀನ್ ಬಹಳ ಹೊತ್ತು ಉಳಿಯುತ್ತದೆ. ಎದೆ ಡವಗುಟ್ಟುವುದು, ರಾತ್ರಿ ಕಣ್ಣು ಮುಚ್ಚದಿರುವುದು ಸಿಗರೇಟು ಬಿಟ್ಟದ್ದರಿಂದಲೇ ಎಂದು ತಿಳಿದು ಜನ ಮತ್ತೆ ಹಚ್ಚುತ್ತಾರೆ. ಚಾವನ್ನು ಅರ್ಧಕ್ಕಿಳಿಸಿ. ಮನೆಯವರು ನಡುವೆ ಒಂದೆರಡು ಸಲ ಮಜ್ಜಿಗೆ ಕೊಡಲಿ.

ಮುಂಜಾನೆ ಒಂದು ಸೇದದೆ ಹೊಟ್ಟೆ ಸಾಫಾಗುವುದಿಲ್ಲ ಎಂಬುದು ಸುಳ್ಳು ನೆಪವಲ್ಲ. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟಾಗ ಕೆಲ ದಿನ ಮಲಬದ್ಧತೆ ಆಗುತ್ತದೆ. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರೊಟ್ಟಿಯ ಜೊತೆ ಕಾಳುಪಲ್ಯ, ಹಸಿ ಮೆಂತ್ಯ, ಮೂಲಂಗಿ, ಸೌತೆಕಾಯಿ ಹೆಚ್ಚಿಸಿದರೆ ಕರುಳು ಮತ್ತೆ ದಾರಿಗೆ ಬರುತ್ತದೆ. ನಮ್ಮ ಊಟದಲ್ಲೇ ಇದೆಲ್ಲ ಇದೆ. ಮೈ ತೂಕ ಕೆಲವು ಕಿಲೋ ಏರಬಹುದು; ಮೊದಲ ತಿಂಗಳು ಅದನ್ನು ಎತ್ತಿ ಆಡಬೇಡಿ.

ಜೊತೆಗಿರುವವರು ಏನು ಹೇಳಬೇಕು? 'ಇವತ್ತ ಹೆಂಗ ಹೋತು?' ಎಂದು ಕೇಳಿ. 'ಸೇದಿದ್ಯೇನು?' ಎಂದು ಕೇಳಬೇಡಿ. ಮೊದಲನೆಯದಕ್ಕೆ ಉತ್ತರ ಬರುತ್ತದೆ, ಎರಡನೆಯದಕ್ಕೆ ಸುಳ್ಳು ಬರುತ್ತದೆ. ಅಂಗಿ ಮೂಸುವುದು, ಕಿಸೆ ತಡಕುವುದು ಬೇಡ. 'ಇಷ್ಟ ದಿನ ಬಿಟ್ಟಿ, ದೊಡ್ಡ ಮಾತು' ಎಂದು ಬಾಯಿಬಿಟ್ಟು ಹೇಳಿ. ನಮ್ಮ ಮನೆಗಳಲ್ಲಿ ಗಂಡಸರನ್ನು ಹೊಗಳುವ ರೂಢಿ ಕಮ್ಮಿ. ಈ ಮೂರು ವಾರವಾದರೂ ಅದನ್ನು ಮುರಿಯಿರಿ. 12 ತಾಸಿನಿಂದ ಒಂದು ದಿನದೊಳಗೆ ರಕ್ತದಲ್ಲಿನ ಕಾರ್ಬನ್ ಮೊನಾಕ್ಸೈಡ್ ಇಳಿಯುತ್ತದೆ, ಕೆಲವು ತಿಂಗಳಲ್ಲಿ ಕೆಮ್ಮು, ಏದುಸಿರು ಕಮ್ಮಿಯಾಗುತ್ತವೆ, ಒಂದು ವರ್ಷಕ್ಕೆ ಹೃದಯರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಬರುತ್ತದೆ. ಈ ಲೆಕ್ಕವನ್ನು ನೆನಪಿಸುವ ಕೆಲಸ ಮಗಳಿಗೋ ಮಗನಿಗೋ ಕೊಡಿ.

ನಡುವೆ ಒಂದು ಸೇದಿದರೆ

ಮದುವೆಯಲ್ಲೋ, ಜಾತ್ರೆಯಲ್ಲೋ, ಮಣ್ಣಿಗೆ ಹೋಗಿ ಬಂದ ಸಂಜೆಯೋ 'ಒಂದ ತಗೋಳೋ' ಎಂಬ ಮಾತಿಗೆ ಕೈ ಚಾಚಿಬಿಡಬಹುದು. ಅಂದೇ ರಾತ್ರಿ ನಿಮ್ಮವರಿಗೆ ಹೇಳಿಬಿಡಿ. ಕೇಳಿಸಿಕೊಂಡವರು ಬೈಯಬೇಡಿ, ಅಳಬೇಡಿ. 'ಎಲ್ಲಿ, ಯಾರ ಜೋಡಿ ಇದ್ದಿ?' ಎಂದು ಕೇಳಿ, ಮುಂದಿನ ಸಲ ಅಂಥ ಕಡೆ ಏನು ಮಾಡುವುದೆಂದು ಇಬ್ಬರೂ ಕೂತು ಯೋಚಿಸಿ. ಎಣಿಕೆಯನ್ನು ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಮರುದಿನ ಮುಂಜಾನೆ ಸೇದದಿರುವುದು ಮುಖ್ಯ. ಹಾಗೆಂದು 'ದಿನಕ್ಕೊಂದೇ' ಎಂಬ ರಾಜಿಗೆ ಇಳಿಯಬೇಡಿ. ದಿನಕ್ಕೆ ಒಂದೇ ಸೇದಿದರೂ ಹೃದಯಕ್ಕೆ ಅಪಾಯ ಗಣನೀಯವಾಗಿಯೇ ಉಳಿಯುತ್ತದೆ.

ಇನ್ನೊಂದು ಜಾರುವ ದಾರಿ ನಮ್ಮ ಭಾಗದಲ್ಲಿ ತೀರಾ ಸಾಮಾನ್ಯ: ಸಿಗರೇಟು ಬಿಟ್ಟು ತಂಬಾಕು ತಿಕ್ಕುವುದು, ಪಾನ್ ಮಸಾಲಾದ ಪೊಟ್ಟಣಕ್ಕೆ ಜರ್ದಾ ತಂಬಾಕಿನ ಪೊಟ್ಟಣ ಕೂಡಿಸಿ ಗುಟ್ಕಾದಂತೆ ತಿನ್ನುವುದು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾದರೂ ಎರಡು ಪೊಟ್ಟಣದ ಈ ಆಟ ನಿಂತಿಲ್ಲ. ಅದೂ ಅದೇ ನಿಕೋಟಿನ್, ಮೇಲೆ ಬಾಯಿ ಕ್ಯಾನ್ಸರಿನ ಅಪಾಯ. ಬೀಡಿಗೆ ಇಳಿಯುವುದೂ ಹಾಗೆಯೇ: ಅದು ಬೇಗ ಆರುವುದರಿಂದ ಹೆಚ್ಚು ಸಲ, ಜೋರಾಗಿ ಎಳೆಯಬೇಕಾಗುತ್ತದೆ. ಬಾಯಿಗೆ ಏನಾದರೂ ಬೇಕೆನಿಸಿದರೆ ಬಡೇಸೋಪು, ಲವಂಗ, ಹುರಿಗಡಲೆ ಕಿಸೆಯಲ್ಲಿರಲಿ.

ಜೊತೆಗಿರುವವರು ಮೂರನೆಯ ವಾರಕ್ಕೆ 'ಇನ್ನ ಬಿಟ್ಟಂಗಾತು' ಎಂದು ಕೈಬಿಡಬೇಡಿ. ಮೂರು ತಿಂಗಳವರೆಗೆ ವಾರಕ್ಕೊಮ್ಮೆ, ಆಮೇಲೆ ವರ್ಷ ತುಂಬುವವರೆಗೆ ತಿಂಗಳಿಗೊಮ್ಮೆ ಕೇಳುತ್ತಿರಿ. ಮದುವೆಗೆ ಹೊರಟ ದಿನ, ಊರ ಜಾತ್ರೆಯ ದಿನ ಮುಂಜಾನೆಯೇ ಒಂದು ಫೋನ್ ಮಾಡಿ.