ಥಂಡರ್‌ಜಾ ಕೆಡವಲು ಕಲಿತದ್ದು

ಲೋಕ ಮುಳುಗಿದ ಮೇಲಿನ ಕಥೆ ಅಂದರೆ ಗೇಮ್‌ಗಳಲ್ಲಿ ಸಾಮಾನ್ಯವಾಗಿ ಬೂದಿ, ಧೂಳು, ಕಂದು ಬಣ್ಣ. ‘ಹೊರೈಜನ್ ಝೀರೋ ಡಾನ್’ನಲ್ಲಿ ಮನುಷ್ಯರ ಹಳೆಯ ಜಗತ್ತು ಅಳಿದು ಸುಮಾರು ಸಾವಿರ ವರ್ಷವಾಗಿದೆ, ಆದರೂ ಎಲ್ಲಿ ನೋಡಿದರೂ ಹಸಿರು, ಕೆಂಪು ಹುಲ್ಲು, ಹಿಮದ ಗುಡ್ಡ. ಮಲೆನಾಡಿನ ನನಗೆ ಇದೇ ನಿಜ ಅನ್ನಿಸಿತು. ನೀರು ತೀರಾ ಇಳಿದ ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರಿನಿಂದ 1948ರ ಮಡೆನೂರು ಅಣೆಕಟ್ಟು ಮೇಲೇಳುವುದನ್ನು ಕಂಡವರಿಗೆ ಈ ಗೇಮ್‌ನ ಬಳ್ಳಿ ಹಬ್ಬಿದ ಕಟ್ಟಡಗಳು ಹೊಸದಲ್ಲ.

ಆಮ್‌ಸ್ಟರ್‌ಡ್ಯಾಮ್‌ನ ಗೆರಿಲ್ಲಾ ಗೇಮ್ಸ್ 2017ರಲ್ಲಿ ಇದನ್ನು ಪ್ಲೇಸ್ಟೇಷನ್ 4ಕ್ಕೆ ತಂದಿತು, ಪಿಸಿಗೆ ಬಂದದ್ದು 2020ರಲ್ಲಿ. ಆ 2020ರ ಪಿಸಿ ಆವೃತ್ತಿಗೆ 100 ಜಿಬಿ ಜಾಗ ಬೇಕಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ಹಳ್ಳಿಯ ನೆಟ್‌ವರ್ಕ್‌ನಲ್ಲಿ ಅಷ್ಟು ಡೌನ್‌ಲೋಡ್ ಆಗದ ಮಾತು. ಶಿವಮೊಗ್ಗದ ದೊಡ್ಡಮ್ಮನ ಮನೆಯಲ್ಲಿ ಡೌನ್‌ಲೋಡ್ ಮಾಡಿ, ಹಾರ್ಡ್‌ಡಿಸ್ಕ್‌ಗೆ ಹಾಕಿಕೊಂಡು ತಂದೆ.

ನಾಯಕಿ ಆಲಾಯ್ ಕೈಯಲ್ಲಿ ಬಿಲ್ಲು, ಎದುರಿಗೆ ಪ್ರಾಣಿಗಳ ಆಕಾರದ ಯಂತ್ರಗಳು. ಸುಮ್ಮನೆ ಬಾಣ ಸುರಿದರೆ ಇಲ್ಲಿ ಕೆಲಸವಾಗುವುದಿಲ್ಲ. ಕಿವಿಯ ಬಳಿ ಇರುವ ‘ಫೋಕಸ್’ ಎಂಬ ಪುಟ್ಟ ಸಾಧನದಿಂದ ಮೊದಲು ನೋಡಬೇಕು: ಯಂತ್ರ ಯಾವ ದಾರಿಯಲ್ಲಿ ಸುತ್ತುತ್ತದೆ, ಯಾವ ಭಾಗ ಕಿತ್ತು ಬರುತ್ತದೆ. ಜಿಂಕೆಯಂಥ ಯಂತ್ರ ಗ್ರೇಜರ್‌ನ ಬೆನ್ನ ಮೇಲಿನ ಬ್ಲೇಜ್ (ಬೇಗ ಹೊತ್ತಿಕೊಳ್ಳುವ ಇಂಧನ) ಡಬ್ಬಿಗಳಿಗೆ ಬೆಂಕಿಬಾಣ ಬಿಟ್ಟರೆ ಅವು ಸಿಡಿದು ಪಕ್ಕದಲ್ಲಿರುವ ಯಂತ್ರಗಳಿಗೂ ಪೆಟ್ಟು ಬೀಳುತ್ತದೆ. ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಬೇಟೆಯಿಲ್ಲ.

ಥಂಡರ್‌ಜಾ ಮಾತ್ರ ಬೇರೆಯೇ. ರಾಕ್ಷಸ ಗಾತ್ರದ ಡೈನೋಸಾರ್ ಆಕಾರದ ಯಂತ್ರ, ಬಾಲ ಬೀಸಿದರೆ ಅರ್ಧ ಜೀವ ಹೋಗುತ್ತದೆ. ನಾನು ಅದು ಸುತ್ತುವ ದಾರಿಗೆ ಅಡ್ಡಲಾಗಿ ಟ್ರಿಪ್‌ಕ್ಯಾಸ್ಟರ್ ಎಂಬ ತಂತಿ ಹಾಕುವ ಆಯುಧದಿಂದ ಸ್ಫೋಟಕ ತಂತಿಗಳನ್ನು ಕಟ್ಟಿ, ಎತ್ತರದ ಹುಲ್ಲಿನಲ್ಲಿ ಕೂತೆ. ತಂತಿ ಸಿಡಿದು ಅದು ತತ್ತರಿಸಿದ ಕೂಡಲೇ ಟೇರ್‌ಬ್ಲಾಸ್ಟ್ ಬಾಣ. ಈ ಬಾಣದಿಂದ ಗಾಯ ಹೆಚ್ಚೇನೂ ಆಗದು, ಅಂಟಿಕೊಂಡು ಒಂದು ಕ್ಷಣ ಬಿಟ್ಟು ಸಿಡಿದು ಬಿಡಿಭಾಗಗಳನ್ನು ಕಿತ್ತೆಸೆಯುತ್ತದೆ. ಗುರಿ ಮೈಮೇಲಿನ ಎರಡು ಡಿಸ್ಕ್ ಲಾಂಚರ್‌ಗಳೇ ಆಗಿರಬೇಕು. “ಅಣ್ಣಾ, ಬಿತ್ತು ನೋಡು, ಎತ್ಕೋ!” ಅಂತ ತಮ್ಮ ಕೂಗಿದ. ಬಿದ್ದ ಲಾಂಚರ್ ಎತ್ತಿಕೊಂಡು ಅದರ ಆಯುಧದಿಂದ ಅದಕ್ಕೇ ಹೊಡೆಯುವಾಗ ಸಿಕ್ಕ ಖುಷಿ ಬೇರೆ ಯಾವ ಗೇಮ್‌ನಲ್ಲೂ ನನಗೆ ಸಿಕ್ಕಿಲ್ಲ. ಲಾಂಚರ್ ಹೊತ್ತಾಗ ಓಡಲು ಬರುವುದಿಲ್ಲ, ಹಾಗಾಗಿ ಬಂಡೆಯ ಮರೆ ಹತ್ತಿರವೇ ಇರಲಿ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಆಷಾಢದ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ದೊಡ್ಡ ಬೇಟೆಗೆ ಇಳಿಯುವ ಮುಂಚೆ ಹತ್ತಿರದ ಕ್ಯಾಂಪ್‌ಫೈರ್‌ಗೆ ಹೋಗಿ ಸೇವ್ ಮಾಡಿ. ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಅಲ್ಲಿಯ ಟಾಲ್‌ನೆಕ್ (ಜಿರಾಫೆಯಂಥ ಎತ್ತರದ ಯಂತ್ರ) ಹುಡುಕಿ, ಅದರ ಕುತ್ತಿಗೆ ಹತ್ತಿ ತಲೆಯವರೆಗೆ ಹೋದರೆ ಸುತ್ತಲಿನ ನಕ್ಷೆ ತೆರೆದುಕೊಳ್ಳುತ್ತದೆ. ಬಾಣ ಬಿಡುವುದು ಕಷ್ಟವಾದರೆ ಡಿಫಿಕಲ್ಟಿಯನ್ನು ‘ಸ್ಟೋರಿ’ಗೆ ಇಳಿಸಿ ಆಡಿ, ಆದರೆ ಹಳೆಯ ಜಗತ್ತು ಹೇಗೆ ಅಳಿಯಿತು ಎಂಬುದನ್ನು ಯಾರಿಂದಲೂ ಮೊದಲೇ ಕೇಳಬೇಡಿ.