ಕಿಡ್ನಿ ಪಥ್ಯದವರು ಸ್ನ್ಯಾಕ್ ಬಾರ್ ತಿನ್ನಬಹುದಾ? ನಾನು ಕವರ್ ಓದುವ ರೀತಿ

ನನ್ನದು ಕಿಡ್ನಿ ಕಾಯಿಲೆಯ ಮೂರನೇ ಹಂತ, ಡಯಾಲಿಸಿಸ್ ಇಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಯಾವಾಗಲೂ ಮೇಲಿನ ಗೆರೆಗೆ ತಾಗಿಕೊಂಡೇ ಇರುತ್ತದೆ. ಸಂಜೆ ಹೊತ್ತು ಆಫೀಸಿನಲ್ಲಿ ಹಸಿವಾದರೆ "ಬಜ್ಜಿ ಯಾಕೆ, ಈ ಬಾರ್ ತಿನ್ನಿ, ಆರೋಗ್ಯಕ್ಕೆ ಒಳ್ಳೇದು" ಅಂತ ಯಾರಾದರೂ ಕೈಗಿಡುತ್ತಾರೆ. ನಾನು ಕವರಿನ ಮುಂಭಾಗ ಓದುವುದೇ ಇಲ್ಲ, ಸೀದಾ ಹಿಂದಕ್ಕೆ ತಿರುಗಿಸುತ್ತೇನೆ. ಅಕ್ಷರ ಎಷ್ಟು ಸಣ್ಣದು ಅಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಯೇ ಓದಬೇಕು.

ಮೊದಲು ಪ್ರೋಟೀನ್. ಪಟ್ಟಿಯಲ್ಲಿ ಸಾಮಾನ್ಯವಾಗಿ 100 ಗ್ರಾಂ ಲೆಕ್ಕ ಕೊಟ್ಟಿರುತ್ತಾರೆ, ಬಾರ್ 40 ಗ್ರಾಂ ಇರಬಹುದು, 60 ಇರಬಹುದು, ಅದನ್ನು ನಾವೇ ಲೆಕ್ಕ ಹಾಕಬೇಕು. ನನಗೆ ಹೇಳಿರುವುದು ಕೆಜಿ ತೂಕಕ್ಕೆ 0.8 ಗ್ರಾಂ ಪ್ರೋಟೀನ್. 60 ಕೆಜಿ ಇರುವವರಿಗೆ ದಿನಕ್ಕೆ 48 ಗ್ರಾಂ. ಜಿಮ್ ಹುಡುಗರ ಬಾರ್ ಒಂದರಲ್ಲೇ 20 ಗ್ರಾಂ ಇರುತ್ತದೆ, ಅದನ್ನು ತಿಂದರೆ ಬೇಳೆ, ಮೊಸರಿಗೆ ಜಾಗ ಎಲ್ಲಿ? ಡಯಾಲಿಸಿಸ್‌ನಲ್ಲಿ ಇರುವವರಿಗೆ ಪ್ರೋಟೀನ್ ಜಾಸ್ತಿ ಬೇಕು, ಅವರು ನನ್ನ ಲೆಕ್ಕ ಹಿಡಿಯಬಾರದು.

ಸೋಡಿಯಂ ದಿನಕ್ಕೆ 2000 ಮಿ.ಗ್ರಾಂ ಒಳಗಿರಬೇಕು. ಬಾರಿನಲ್ಲಿ 100ರ ಆಸುಪಾಸು ಇದ್ದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ.

ತಲೆನೋವು ಇರುವುದು ಪೊಟ್ಯಾಸಿಯಂ ಮತ್ತು ರಂಜಕದಲ್ಲಿ (ಅಂದರೆ ಫಾಸ್ಫರಸ್). ನಮ್ಮಲ್ಲಿ ಇವೆರಡನ್ನೂ ಪಟ್ಟಿಯಲ್ಲಿ ಹಾಕಲೇಬೇಕು ಅನ್ನುವ ನಿಯಮ ಇಲ್ಲ. ಅಮೆರಿಕದ ಕವರಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ರಂಜಕ ಅಲ್ಲೂ ಕಡ್ಡಾಯ ಅಲ್ಲ. ಅಂಕಿ ಬರೆದಿಲ್ಲ ಅಂದರೆ ಇಲ್ಲ ಅಂತ ಅಲ್ಲ! ಹಾಗಾಗಿ ನಾನು ನಂಬುವುದು ಏನೇನು ಹಾಕಿದ್ದಾರೆ ಅನ್ನುವ ಸಾಲನ್ನು. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಮೊನ್ನೆ ಸಿಕ್ಕ ಬಾರಿನಲ್ಲಿ ಖರ್ಜೂರ, ಬಾದಾಮಿ, ಒಣದ್ರಾಕ್ಷಿ, ಕೋಕೋ, ಇದೇ ಕ್ರಮ. 'ಸಕ್ಕರೆ ಸೇರಿಸಿಲ್ಲ' ಅಂತ ಹೆಮ್ಮೆ ಬೇರೆ. ಖರ್ಜೂರ, ಬಾದಾಮಿ, ದ್ರಾಕ್ಷಿ ಮೂರರಲ್ಲೂ 100 ಗ್ರಾಂಗೆ ಸುಮಾರು 700 ಮಿ.ಗ್ರಾಂ ಪೊಟ್ಯಾಸಿಯಂ ಇದೆ, ಅಂದರೆ 40 ಗ್ರಾಂ ಬಾರಿಗೆ 280ರ ಹತ್ತಿರ. ಇಡೀ ಊರಿಗೆ ಒಳ್ಳೆಯದು, ನನಗೆ ಮಾತ್ರ ಬೇಡ.

ರಂಜಕಕ್ಕೆ ನಾನು ಐಎನ್‌ಎಸ್ ನಂಬರ್, ಅಂದರೆ ತಿಂಡಿಗೆ ಬೇರೆಯಾಗಿ ಸೇರಿಸುವ ಪದಾರ್ಥಗಳಿಗೆ ಕೊಟ್ಟಿರುವ ನಂಬರ್ ಹುಡುಕುತ್ತೇನೆ: 338ರಿಂದ 341, ಆಮೇಲೆ 450, 451, 452. ಎಲ್ಲಿಯಾದರೂ 'ಫಾಸ್ಫೇಟ್' ಅಂತ ಇದ್ದರೂ ಅದೇ ಗುಂಪು. ಓಟ್ಸ್, ಕಡಲೆಬೀಜದಲ್ಲಿ ಇರುವ ರಂಜಕ ಅರ್ಧಕ್ಕಿಂತ ಕಡಿಮೆಯೇ ಮೈಗೆ ಹತ್ತುತ್ತದೆ, ಆದರೆ ಹೀಗೆ ಬೇರೆಯಾಗಿ ಸೇರಿಸಿದ್ದು ನೂರಕ್ಕೆ 90 ಭಾಗದಷ್ಟು ರಕ್ತಕ್ಕೆ ಸೇರುತ್ತದೆ. ಅದಕ್ಕೇ ಓಟ್ಸಿಗೆ ನಾನು ಅಷ್ಟು ಹೆದರುವುದಿಲ್ಲ, ಈ ನಂಬರುಗಳಿಗೆ ಹೆದರುತ್ತೇನೆ. 508 ಕಂಡರಂತೂ ವಾಪಸ್ ಇಡುವುದೇ, ಅದು ಪೊಟ್ಯಾಸಿಯಂ ಕ್ಲೋರೈಡ್, 'ಉಪ್ಪು ಕಡಿಮೆ' ಅನ್ನುವ ತಿಂಡಿಗಳಲ್ಲಿ ನೋಡಬೇಕು.

ಇಷ್ಟೆಲ್ಲಾ ಜರಡಿ ಹಿಡಿದ ಮೇಲೆ ಉಳಿಯುವುದು ಅಕ್ಕಿ ಪುರಿ ಹಾಕಿದ ಸಾದಾ ಬಾರ್. ಅದರಲ್ಲೂ ಬೆಲ್ಲದ್ದಕ್ಕಿಂತ ಸಕ್ಕರೆಯದೇ ನನಗೆ ವಾಸಿ, ಯಾಕಂದ್ರೆ ಬೆಲ್ಲದಲ್ಲಿ ಪೊಟ್ಯಾಸಿಯಂ ಇದೆ, ಬಿಳಿ ಸಕ್ಕರೆಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಇದನ್ನು ಹೇಳಿದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಶುಗರ್ ಇರುವವರಿಗೆ ಈ ಮಾತು ಹೊಂದುವುದಿಲ್ಲ ಅನ್ನಿ.

ದಾವಣಗೆರೆಯಿಂದ ಅತ್ತಿಗೆ ಮಂಡಕ್ಕಿ ಕಳಿಸುತ್ತಾರೆ, ಬಾರೇ ಬೇಡ ಅಂತ ಅವರ ವಾದ. ಆದರೆ ಮಂಡಕ್ಕಿ ಮಾಡುವಾಗಲೇ ಅಕ್ಕಿಗೆ ಉಪ್ಪು ಹಾಕುತ್ತಾರೆ, ಚೀಲದ ಮೇಲೆ ಸೋಡಿಯಂ ಎಷ್ಟು ಅಂತ ಬರೆದಿರುವುದಿಲ್ಲ. ಹಾಗಾಗಿ ಒಂದು ಹಿಡಿ, ಅದೂ ಖಾರ ಉಪ್ಪು ಕಲಸದೆ.